ಗುಂಡುಮಾಲಿನಲ್ಲಿ ಕುಡಿಯದೆ ಬಿಟ್ಟ ನೀರು

ವಾದಿರಾಜಾಚಾರ್ಯರನ್ನು ಬರೀ ಮಾಲೆಂದು ನೋಡಿದರೆ ನಾನು ಕೊಳ್ಳುತ್ತಿರಲಿಲ್ಲ. ರಾಯಚೂರಿನ ಗಡಿಯಾಚೆ, ನಾರಾಯಣಪೇಟೆಯ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನು ನಾನು, ಮನುಷ್ಯರನ್ನೂ ಗಜದ ಲೆಕ್ಕದಲ್ಲಿ ನೋಡುವ ಚಟ. ಎತ್ತರ ಸಾಧಾರಣ, ಅಗಲ ಕಮ್ಮಿ. ಒಗೆದು ಒಗೆದು ನೂಲು ಮೆತ್ತಗಾಗಿದೆ. ಬಣ್ಣ ಮಾಸಿದೆ, ಆದರೆ ಬಿಟ್ಟಿಲ್ಲ. ಶೋಕೇಸಿಗೆ ಇಡುವಂಥದ್ದಲ್ಲ, ಹಾಗಂತ ರದ್ದಿಗೆ ಹಾಕಲೂ ಮನಸ್ಸಾಗದು. ಗದ್ವಾಲದ ಸೀರೆ ಕೊಳ್ಳುವಾಗ ನಾವು ಒಡಲನ್ನೂ ನೋಡುವುದಿಲ್ಲ, ಅಂಚನ್ನೂ ನೋಡುವುದಿಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿದ ಜಾಗಕ್ಕೆ ಹೆಬ್ಬೆರಳು ಒತ್ತಿ ಎಳೆಯುತ್ತೇವೆ. ಬಿಟ್ಟರೆ ಅಲ್ಲೇ ಬಿಡಬೇಕು. ಆಚಾರ್ಯರದೂ ಅಂಥ ಕೂಡುಮಾಲು. ಒಡಲು ಮಕ್ತಲದ ಪೂಜಾರಿಯ ಮಗನದು, ಅಂಚು ಲೋಕದ ಬಡತನ ಬರೆಯುವ ಪತ್ರಿಕೆಯವನದು. ಎರಡೂ ಕೂಡಿದ ಜಾಗದಲ್ಲಿ ಒಮ್ಮೆ ಎಳೆತ ಬಿತ್ತು. ಅದನ್ನು ಹೇಳುತ್ತೇನೆ.

ಅವರ ಮನೆ ನಮ್ಮ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ಕೆಲಸ ಮಕ್ತಲದ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ದಿನಾ ಬಸ್ಸು ಬರುವವರೆಗೆ ನಮ್ಮ ಮೆಟ್ಟಿಲ ಮೇಲೆ ಕೂತು ಪೇಪರು ಓದುವರು. ಪೇಪರು ನನ್ನದು, ಮೆಟ್ಟಿಲೂ ನನ್ನದು; ಅಭಿಪ್ರಾಯ ಮಾತ್ರ ಅವರದು. ರಾಯಚೂರಿನ ಒಂದು ದಿನಪತ್ರಿಕೆಗೆ ಪ್ರತಿ ಭಾನುವಾರ ‘ದೂರದ ಒಲೆ’ ಎಂಬ ಅಂಕಣ ಬರೆಯುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಬರೆದರು. ಬೊಲಿವಿಯಾದ ತವರದ ಗಣಿ, ಢಾಕಾದ ಹೊಲಿಗೆ ಕಾರ್ಖಾನೆ, ಆಫ್ರಿಕಾದ ಕೋಕೋ ತೋಟ, ಮೊಬೈಲಿನ ಬ್ಯಾಟರಿಗೆಂದು ನೆಲ ಅಗೆಯುವ ಕಾಂಗೋದ ಮಂದಿ. ಪಾಸ್‌ಪೋರ್ಟ್ ಎಂಬುದನ್ನು ಅವರು ಕಣ್ಣಲ್ಲಿ ಕಂಡವರಲ್ಲ. ಒಂದು ಕಡೆ ಮಂತ್ರಾಲಯ, ಇನ್ನೊಂದು ಕಡೆ ಹೈದರಾಬಾದು, ಇಷ್ಟರೊಳಗೆ ತಿರುಗಾಟ ಮುಗಿಯಿತು. ಲೋಕದ ಸುದ್ದಿ ಮೊದಲು ರೇಡಿಯೋದಲ್ಲಿ ಬರುತ್ತಿತ್ತು, ಆಮೇಲೆ ಮಗಳು ವಸುಧಾ ಕೊಡಿಸಿದ ಫೋನಿನಲ್ಲಿ.

ಬರೆಯುವ ರೀತಿ ವಿಚಿತ್ರವಾಗಿತ್ತು. ಯಾವ ದೇಶದವರ ಬಗ್ಗೆ ಬರೆಯಬೇಕೋ ಆ ದೇಶದ ಬಡವರು ಬೆಳಿಗ್ಗೆ ಏನು ಉಣ್ಣುತ್ತಾರೆಂದು ಮೊದಲು ಹುಡುಕುವರು. ಅದಕ್ಕೆ ಹತ್ತಿರದ್ದನ್ನು ಮನೆಯಲ್ಲಿ ಬೇಯಿಸಿ, ಉಂಡು, ಆಮೇಲೆ ಪೆನ್ನು ಹಿಡಿಯುವರು. ಮೆಕ್ಕೆಜೋಳದ ಗಂಜಿ, ಬೇಯಿಸಿದ ಮರಗೆಣಸು, ಏನೂ ಇಲ್ಲದ ತಿಳಿ. ಉಪ್ಪು ಮಾತ್ರ ಹಾಕುವಂತಿಲ್ಲ. ಅವರ ಹೆಂಡತಿ ನರ್ಮದಾಬಾಯಿ ಗದ್ವಾಲದವರು, ಮಾತಿಗೆ ಉಪ್ಪು ಖಾರ ಎರಡೂ ಹಾಕುವವರು.

“ಆಶಪ್ಪ, ನಮ್ಮ ಮನ್ಯಾಗ ಸೋಮವಾರ ಆಫ್ರಿಕಾ, ಬುಧವಾರ ಬಾಂಗ್ಲಾದೇಶ ನೋಡು,” ಎಂದಿದ್ದರು ಒಮ್ಮೆ. “ನಡುವ ಏಕಾದಶಿ ಬಂದ್ರ ಅಷ್ಟು ನನಗ ರಜಾ.”

“ಉಪ್ಪರ ಹಾಕ್ರಿ ವೈನಿ, ಪಾಪ.”

“ಹಾಕಿದ್ರ ಅವರ ಉಪ್ಪು ಉಂಡಂಗ ಆಗ್ತದಂತ. ಉಂಡ ಮನಿ ಕತಿ ಬರೀಬಾರದಂತ. ಇವರಪ್ಪನ ಕಾನೂನು.”

ಅದು ಚೇಷ್ಟೆಯ ಮಾತಲ್ಲ, ನಿಜವಾಗಿಯೂ ಅವರಪ್ಪನ ಕಾನೂನು. ಪೂಜಾರಿಯಾದವನು ಮದುವೆಗೂ ಹೋಗುತ್ತಾನೆ, ಶ್ರಾದ್ಧಕ್ಕೂ ಹೋಗುತ್ತಾನೆ. ಅಡುಗೆಮನೆಯ ಜಗಳ, ಅಣ್ಣತಮ್ಮಂದಿರ ವ್ಯಾಜ್ಯ, ಎಲ್ಲ ಕಿವಿಗೆ ಬೀಳುತ್ತವೆ. ಬಾಯಿ ಹರಿಯಬಿಟ್ಟರೆ ಮರುವರ್ಷ ಯಾರೂ ಕರೆಯುವುದಿಲ್ಲ. ಅದಕ್ಕೆ ಅವರಪ್ಪ ಕಟ್ಟು ಮಾಡಿದ್ದರು: ಉಂಡ ಮನೆಯ ಮಾತು ಹೊರಗೆ ಆಡಬಾರದು, ಒಳ್ಳೆಯದೂ ಆಡಬಾರದು, ಕೆಟ್ಟದ್ದೂ ಆಡಬಾರದು. ಅಕ್ಕಿ ಬೇಳೆ ಕಟ್ಟಿ ಕೊಟ್ಟ ಮನೆಯೂ ಉಂಡ ಮನೆಯೇ. ಮಗ ಪೂಜೆ ಬಿಟ್ಟು ಮೇಷ್ಟ್ರಾದರೂ ತಾಮ್ರದ ಪಾತ್ರೆಗಳ ಜೊತೆ ಈ ಕಟ್ಟನ್ನೂ ಮನೆಗೆ ತಂದಿದ್ದ.

ನಾನು ಕೆಣಕದೆ ಬಿಡುವವನೇ?

“ಆಚಾರ್ರೆ, ನಮ್ಮ ಬಜಾರದಾಗ ಬಡವ್ರು ಕಮ್ಮಿ ಬಿದ್ರೇನ್ರಿ? ಬೊಲಿವಿಯಾದಿಂದ ತರಸಾಕ ಹತ್ತೀರಿ?”

“ಈ ಮೂರು ಊರಾಗ ನಾ ಉಣ್ಣದ ಮನಿ ಒಂದು ತೋರಸು. ನಾಳೀಗೇ ಬರೀತೀನಿ.”

ಮೂರು ಊರೆಂದರೆ ನಾರಾಯಣಪೇಟೆ, ಮಕ್ತಲ, ಗದ್ವಾಲ. ಮಾತು ಸುಳ್ಳಲ್ಲ. ಅವರಿಗೆ ಹಾಲುಹಣ್ಣು ಕೊಡದ ಮನೆ, ಶಲ್ಯ ಹೊದಿಸದ ಮನೆ ನಮ್ಮ ಪೇಟೆಯಲ್ಲಿರಲಿಲ್ಲ. ಉಣ್ಣದ ಮನೆ ಹುಡುಕುತ್ತ ಹುಡುಕುತ್ತ ಪಾಪ, ದಕ್ಷಿಣ ಅಮೆರಿಕಾದವರೆಗೆ ಹೋಗಬೇಕಾಗಿ ಬಂದಿತ್ತು. ಆದರೆ ವ್ಯಾಪಾರಿಗೆ ಮಾಲು ತಿರುವಿ ನೋಡುವ ಅಭ್ಯಾಸ.

“ಹಂಗಂದ್ರ ಊರ ಹೊರಗಿನ ಓಣಿ ಪೂರಾ ನಿಮಗ ಬಿಟ್ಟಂಗ ಐತಲ್ರಿ? ಅಲ್ಲಿ ನೀವೂ ಉಂಡಿಲ್ಲ, ನಿಮ್ಮಪ್ಪಾರೂ ಉಂಡಿಲ್ಲ.”

ಆಚಾರ್ಯರು ಪೇಪರು ಮಡಿಚಿಟ್ಟು ಎದ್ದರು. ಬಸ್ಸು ಇನ್ನೂ ಬಂದಿರಲಿಲ್ಲ.

ಅವರು ಕೆಲಸದಿಂದ ನಿವೃತ್ತರಾಗಿ, ಮೆಟ್ಟಿಲು ಮಾತ್ರ ಬಿಡದೆ, ಕೆಲವು ವರ್ಷಗಳಾಗಿದ್ದಾಗ, ಒಂದು ಸೋಮವಾರ ಮಧ್ಯಾಹ್ನ, ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದ ಹೆಂಗಸೊಬ್ಬಳು ಅದೇ ಮೆಟ್ಟಿಲ ಕೆಳಗೆ ನೆರಳಿಗೆ ಕೂತಳು. ಹತ್ತಿರದ ಹಳ್ಳಿ ಗುಂಡುಮಾಲಿನ ಕಿಷ್ಟಮ್ಮ. ತೆಲುಗು ಅರ್ಧ, ಕನ್ನಡ ಅರ್ಧ ಮಾತು. ಆಚಾರ್ಯರು ಕಾಂಗೋದ ಸುದ್ದಿ ಓದಿ ನನಗೆ ಹೇಳುತ್ತಿದ್ದರು. ಅವಳು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ಸೇಟು, ಪೇಪರ್‌ದಾಗ ಬರಿಯೋ ಸಾಮಿ ಇವರೇನು?”

“ಇವರ. ಆದ್ರ ನಮ್ಮೂರಂದು ಬರಿಯಾಂಗಿಲ್ಲ, ಬ್ಯಾರೆ ದೇಶದ್ದು ಇದ್ರ ಹೇಳು,” ಎಂದೆ.

ಅವಳು ನಗಲಿಲ್ಲ. “ನನ್ನ ಗಂಡ ಕುರುಮಯ್ಯ. ಗೋಪಾಲ್ ಮೇಸ್ತ್ರಿ ಗಾಡಿ ಹತ್ತಿ ಪುಣೆ ಕಡೆ ಕೆಲಸಕ್ಕ ಹೋದ. ಗುಂಪಿನ ಮಂದಿ ಎಲ್ಲಾ ತಿರುಗಿ ಬಂದ್ರು, ಅವ ಬರಲಿಲ್ಲ. ಕೇಳಿದ್ರ, ಅವ ಗಾಡೀನ ಹತ್ತಿಲ್ಲ ಅಂತಾನ ಮೇಸ್ತ್ರಿ. ನಾನ ಬುತ್ತಿ ಕಟ್ಟಿ ಹತ್ತಿಸೀನಿ ಸಾಮಿ.”

“ಸಂಗಾಟ ಹೋದವ್ರು ಏನಂತಾರ?” ಆಚಾರ್ಯರು ಕೇಳಿದರು.

“ನಮ್ಮೂರವ್ರು ಬಾಯಿ ಬಿಡಾಂಗಿಲ್ಲ. ಬರೋ ವರ್ಷ ಮತ್ತ ಅವನ ಗಾಡೀನ ಹತ್ತಬೇಕಲ್ಲ. ಅರ್ಧ ಮಂದಿ ರಾಯಚೂರು ಕಡೆಯವ್ರು ಇದ್ರಂತ. ಯಾರು, ಎಲ್ಲಿಯವ್ರು, ನನಗೇನು ಗೊತ್ತು? ನಿಮ್ಮ ಪೇಪರ್ ಅಲ್ಲಿ ಓದ್ತಾರಂತ. ನನ್ನ ಗಂಡನ ಹೆಸರು, ಮೇಸ್ತ್ರಿ ಹೆಸರು ಬರೀರಿ. ಒಬ್ಬನರ ಹೌದು ಅಂದಾನು.” ಬಳೆಗಳನ್ನು ಮೊಣಕೈವರೆಗೆ ಸರಿಸಿ ಮತ್ತೆ ಕೆಳಗೆ ಬಿಟ್ಟಳು. “ಇದ್ದಾನಂದ್ರ ಕಾಯ್ತೀನಿ. ಇಲ್ಲಂದ್ರ ಇವನ್ನ ತಗೀತೀನಿ. ಎರಡರಾಗ ಒಂದು ಗೊತ್ತಾಗಬೇಕು ನನಗ.”

“ಗೋಪಾಲ್ ಮೇಸ್ತ್ರಿ ಯಾವ ಊರವ?”

“ಧನ್ವಾಡ.”

ಆಚಾರ್ಯರು ನನ್ನ ಮುಖ ನೋಡಿದರು. ಅವರ ತಲೆಯಲ್ಲಿ ಏನು ನಡೆದಿದೆ ಎಂದು ನನಗೆ ತಿಳಿಯಿತು. ಕೂಲಿ ಮಂದಿಯನ್ನು ಒಯ್ಯುವ ಈ ಮೇಸ್ತ್ರಿ ನಿನ್ನೆ ಮೊನ್ನೆ ಕಾಸು ಕಂಡವನು. ಆಚಾರ್ಯರನ್ನು ಯಾವ ಕಾರ್ಯಕ್ಕೂ ಕರೆದವನಲ್ಲ. ಅವನ ಮನೆಯ ಅಕ್ಕಿ ಇವರ ಚೀಲಕ್ಕೆ ಬಿದ್ದಿಲ್ಲ. ಇವಳ ಮನೆಯದಂತೂ ಬಿದ್ದಿರಲು ಸಾಧ್ಯವೇ ಇಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ, ಈ ಸೀಮೆಯ ಕಥೆಯೊಂದು ಯಾರ ಮುಲಾಜೂ ಇಲ್ಲದೆ ಅವರೆದುರು ಬಂದು ಕೂತಿತ್ತು.

“ತಾಯಿ, ಇಲ್ಲಿ ಹೇಳಬ್ಯಾಡ. ನಾ ನಿನ್ನ ಮನೀಗೆ ಬರ್ತೀನಿ. ನಿನ್ನ ಒಲಿ ನೋಡಿ ಬರೀತೀನಿ.”

“ನಮ್ಮ ಮನಿಗೆ? ನೀವು?” ಅವಳಿಗೆ ಆಗ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಬರ್ರಿ ಸಾಮಿ. ಬರ್ರಿ.”

ಅದೇ ವಾರ ನನ್ನ ವ್ಯಾನಿನಲ್ಲಿ ಹೋದೆವು. ಮದುಮಗನ ಹಾಗೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಡ್ಡ ಹೆರೆಸಿದ್ದರು, ಇಸ್ತ್ರಿ ಅಂಗಿ. ರಾಯಚೂರಿನ ಸಂಪಾದಕರಿಗೆ ಫೋನು ಮಾಡಿ ಭಾನುವಾರದ ಜಾಗ ಕಾಯ್ದಿಡಲು ಹೇಳಿದ್ದರಂತೆ. “ಬೊಲಿವಿಯಾದಾಗಾದ್ರ ಯಾರೂ ಕೇಸು ಹಾಕೂದಿಲ್ಲ ಆಚಾರ್ರೆ, ಇಲ್ಲಿ ಹಾಕ್ತಾರ. ಆ ಹೆಣ್ಣುಮಗಳು ತನ್ನ ಮಾತಿಗೆ ನಿಂತ್ರ ಮಾತ್ರ ಪೇಪರ್‌ದಾಗ ಹಾಕೋಣು,” ಎಂದಿದ್ದರಂತೆ ಆ ಸಂಪಾದಕರು.

“ಬಸ್ ಹೋಗೋವಷ್ಟು ಹತ್ರದ ಒಲಿ ಬರೀಲಿಕ್ಕೆ ಹತ್ತೀನಿ ನೋಡು ಆಶಪ್ಪ,” ಎಂದು ದಾರಿಯುದ್ದಕ್ಕೂ ತಾವೇ ನಕ್ಕರು.

ಕಿಷ್ಟಮ್ಮನ ಓಣಿಯಲ್ಲಿ ವ್ಯಾನು ಹಿಡಿಯದು. ನಾನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಹೊರಗೇ ಉಳಿದೆ. ಪಕ್ಕದ ಮನೆಯ ಬುಚ್ಚಮ್ಮ ಬಂದು ವ್ಯಾನಿಗೆ ಒಂದು ಸುತ್ತು ಹಾಕಿದಳು.

“ಸೀರಿ ತಂದೀಯೇನಪ್ಪ?”

“ಇಲ್ಲವ್ವ, ಇವತ್ತು ಆಚಾರ್ರನ್ನ ತಂದೀನಿ.”

“ಅವರನ್ನ ಉಟಗೊಳ್ಳಾಕ ಬರ್ತೈತೇನು?” ಎಂದಳು ಮುದುಕಿ. ಒಳಗಿಂದ ತಂಬಿಗೆ ನೀರು ತಂದು ನನಗೆ ಕೊಟ್ಟಳು. ಬಿಸಿಲು ಜೋರಿತ್ತು, ಪೂರಾ ಕುಡಿದೆ.

ಆಚಾರ್ಯರು ಒಳಗೆ ಬಹಳ ಹೊತ್ತು ಕೂಡಲಿಲ್ಲ. ಹೊರಗೆ ಬಂದಾಗ ಅವರ ಮುಖದಲ್ಲಿ ಬೆಳಕಿತ್ತು. ಅವರ ಹಿಂದೆ ಬಾಗಿಲಲ್ಲಿ ಕಿಷ್ಟಮ್ಮ ನಿಂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ, ಬೂದಿ ಹಾಕಿ ತಿಕ್ಕಿದ್ದು, ದೂರಕ್ಕೂ ಹೊಳೆಯುತ್ತಿತ್ತು. ಅವರು ಓಣಿ ದಾಟುವ ಮೊದಲೇ ಲೋಟದ ನೀರನ್ನು ಬೀದಿಗೆ ಚೆಲ್ಲಿ ಒಳಗೆ ಹೋದಳು. ನಮ್ಮ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಹಾಗೆ ಚೆಲ್ಲುವುದಿಲ್ಲ.

ವ್ಯಾನಿನಲ್ಲಿ ಅವರ ಮಾತು ನಿಲ್ಲದು. “ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಖಾರ. ಇಬ್ಬರಿಗಂತ ತಟ್ಟಿ ಒಬ್ಬಾಕೀನ ಉಣ್ತಾಳ, ಉಳಿದದ್ದು ಮುಚ್ಚಿಡ್ತಾಳ. ಮೊದಲ್ನೇ ಸಾಲು ಸಿಕ್ತು ನನಗ.”

“ನೀವೇನರ ತಗೊಂಡ್ರೇನ್ರಿ?”

“ಹ್ಯಾಂಗ ತಗೊಳ್ಳಲಿ? ನೀರು ಕೊಟ್ಲು. ಕೈ ಮುಗದು ಬ್ಯಾಡ ತಾಯಿ ಅಂದೆ. ಕುಡದ್ರ ಬರೀಲಿಕ್ಕೆ ಬರ್ತದೇನು?”

ಕೊತ್ತಪಲ್ಲಿಯ ದಾರಿ ಕೂಡುವಲ್ಲಿ ನಾನು ವ್ಯಾನು ಬದಿಗೆ ಹಾಕಿದೆ.

“ಆಚಾರ್ರೆ, ಆಕಿ ಏನು ತಿಳಕೊಂಡಾಳ ಗೊತ್ತೈತೇನ್ರಿ?”

“ಏನು?”

“ನೀವು ಯಾರು, ಆಕಿ ಯಾರು, ನೀರು ಯಾರ ಕೈಯಾನ್ವು. ಇನ್ನೇನು ತಿಳಕೋತಾಳ್ರಿ?”

ಹಿಂದೊಮ್ಮೆ ದೂರದ ಯಾವುದೋ ದೇಶದಲ್ಲಿ ಒಂದು ಜನಕ್ಕೆ ಊರ ನಲ್ಲಿ ಮುಟ್ಟಗೊಡದ ಬಗ್ಗೆ ಇದೇ ಮನುಷ್ಯ ಬರೆದದ್ದನ್ನು ಓದಿ ನನಗೆ ಅನ್ನ ಸೇರಿರಲಿಲ್ಲ. ಈಗ ಅವರು ತಮ್ಮ ಅಂಗೈ ನೋಡುತ್ತ ಕೂತರು. ತಮ್ಮ ಮನೆತನದ ಕಟ್ಟು ಅವರಿಗೆ ಎಷ್ಟು ಸಹಜವಾಗಿತ್ತೆಂದರೆ, ಅದು ಹೊರಗಿನವರ ಕಣ್ಣಿಗೆ ಬೇರೆ ಕಂಡೀತೆಂದು ಹೊಳೆದೇ ಇರಲಿಲ್ಲ.

“ತಿರುಗಸು ಗಾಡಿ.”

“ಕುಡದ್ರ ನಿಮ್ಮ ಕಾಲಮ್ಮು?”

“ಕಾಲಮ್ ಹಾಳಾಗಿ ಹೋಗ್ಲಿ. ತಿರುಗಸು ಅಂದೆ.”

ಈ ಸಲ ನಾನೂ ಜೊತೆಗೆ ಹೋದೆ. ಕಿಷ್ಟಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಏಳಲಿಲ್ಲ.

“ತಾಯಿ, ಬಾಯಾರ್ಯಾದ. ಒಂದೀಟು ನೀರು ಕೊಡು.”

“ನೀರು ತೀರ್ಯಾವ ಸಾಮಿ.”

ತುಂಬಿದ ಕೊಡ ಅವಳ ಬೆನ್ನ ಹಿಂದೆಯೇ ಇತ್ತು. ಅವರೂ ನೋಡಿದರು, ನಾನೂ ನೋಡಿದೆ, ನಾವು ನೋಡಿದ್ದನ್ನು ಅವಳೂ ನೋಡಿದಳು.

“ನಾ ಕುಡೀಲಾರದ್ದಕ್ಕ ಬ್ಯಾರೆ ಕಾರಣ ಅದ ತಾಯಿ…”

“ಕಾರಣ ಎಲ್ಲಾರ ಹತ್ರಾನೂ ಇರ್ತಾವ. ಮೇಸ್ತ್ರಿ ಹತ್ರಾನೂ ಐತಿ.” ಮೊರದಲ್ಲಿ ಒಮ್ಮೆ ಜೋರಾಗಿ ಕೇರಿದಳು, ಹೊಟ್ಟು ಹಾರಿತು. “ನನ್ನ ಗಂಡನ ಹೆಸರು ನಿಮ್ಮ ಪೇಪರ್‌ದಾಗ ಬ್ಯಾಡ. ನನ್ನ ನೀರು ಮುಟ್ಟಲಾರದ ಕೈ ಅವನ ಹೆಸರು ಯಾಕ ಮುಟ್ಟಬೇಕು? ಹೋಗಿ ಬರ್ರಿ.”

ಅಂತೂ ನೀರೂ ಸಿಗಲಿಲ್ಲ, ಕಥೆಯೂ ಸಿಗಲಿಲ್ಲ. ನಷ್ಟ ಎರಡೂ ಕಡೆ. ಅಂಥ ವ್ಯಾಪಾರ ನಾನು ಮತ್ತೊಂದು ಕಂಡಿಲ್ಲ.

ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ. ಮರುದಿನ ಹೇಳಿದೆ: “ಹೆಸರು ಬದಲಿಸಿ ಪೆರು ದೇಶ ಅಂತ ಹಾಕ್ರಿ. ಲೇಬಲ್ ಬದಲಿಸಿದ್ರ ಮಾಲು ಹೋಗ್ತೈತಿ.”

“ಆಕಿ ಬ್ಯಾಡ ಅಂದಾಳ,” ಎಂದರು. “ಹೆಸರು ಬದಲಿಸಿ ಬರದ್ರ ಅದು ಕಳವು, ಆಶಪ್ಪ.”

ಆ ಭಾನುವಾರ ‘ದೂರದ ಒಲೆ’ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಸಂಪಾದಕರು ಫೋನು ಮಾಡಿ ಮಾಡಿ ಬೇಸತ್ತು, ಆ ಜಾಗದಲ್ಲಿ ವಾರಭವಿಷ್ಯ ಹಾಕತೊಡಗಿದರು. ಅದಕ್ಕೇ ಓದುಗರು ಹೆಚ್ಚಂತೆ. ಆಚಾರ್ಯರು ಮೆಟ್ಟಿಲಿಗೆ ಬರುತ್ತಿದ್ದರು, ಪೇಪರು ಮಾತ್ರ ಬಿಡಿಸುತ್ತಿರಲಿಲ್ಲ.

ನನಗೆ ಹೇಳದೆ ಅವರು ಮತ್ತೆ ಗುಂಡುಮಾಲಿಗೆ ಬಸ್ಸಿನಲ್ಲಿ ಹೋಗಿದ್ದರೆಂದು ಬುಚ್ಚಮ್ಮನಿಂದ ಗೊತ್ತಾಯಿತು. ಹಬ್ಬಕ್ಕೆಂದು ಸೀರೆ ನೋಡಲು ಬಂದ ಮುದುಕಿ ಸೀರೆ ಬಿಟ್ಟು ಎಲ್ಲಾ ಮಾತಾಡಿದಳು.

“ಆ ನಿನ್ನ ಐನೋರು ಬಂದಿದ್ರು. ಕಿಷ್ಟಮ್ಮನ ಮನಿಗೆ ಕೀಲಿ ಬಿದ್ದಿತ್ತು. ಆಕಿ ಎಲ್ಲಿಗೆ ಹೋಗ್ಯಾಳ ಅಂದ್ರು. ಮೇಸ್ತ್ರಿ ಗಾಡಿ ಹತ್ತಿ ಹೋಗ್ಯಾಳ್ರಿ, ಗಂಡ ಹತ್ತಿದ ಗಾಡೀನ ಅಂದೆ. ಯಾರೂ ಹೇಳಲಾರದ್ರ ನಾನ ಹೋಗಿ ನೋಡ್ತೀನಿ ಅಂದ್ಲು. ಐನೋರು ಆಕಿ ಕಟ್ಟೀ ಮ್ಯಾಲೆ ಕುಂತ್ರು. ಕುಂತಾರ ಕುಂತಾರ, ಏಳವಲ್ರು. ಬಿಸಿಲಾಗ ಸತ್ತಾರು ಅಂತ ನೀರು ಕೊಟ್ಟೆ.”

“ಕುಡದ್ರೇನು?”

“ಗಟಗಟ ಕುಡದ್ರು. ಇನ್ನೊಂದು ತಂಬಿಗಿ ಕೇಳಿ ಕುಡದ್ರು. ಯಾಕ, ಕುಡೀಬಾರದಿತ್ತೇನು?”

ಸರಿಯಾದ ನೀರೇ, ಮನೆ ಮಾತ್ರ ತಪ್ಪಿತ್ತು. ಅದನ್ನು ಮುದುಕಿಗೆ ಹೇಗೆ ಹೇಳಲಿ? ಒಂದು ಸೀರೆಯ ಬೆಲೆ ಇಳಿಸಿ ಕಳಿಸಿದೆ.

ಆಮೇಲೆ ಅವರಿಗೆ ಎದೆನೋವು ಶುರುವಾ‌ಯಿತು. ನರ್ಮದಾಬಾಯಿ ತಮ್ಮ ತವರಿನವರು ಹತ್ತಿರ ಇರಲೆಂದು ಗದ್ವಾಲಕ್ಕೆ ಕರೆದುಕೊಂಡು ಹೋದರು. ಕಳೆದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು. ನಾನು ಮಾತಾಡಿಸಿ ಬರಲು ಹೋದಾಗ ನರ್ಮದಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು.

“ಕಡೀ ಕಡೀಗೆ ಎಲ್ಲಾದಕ್ಕೂ ಉಪ್ಪು ಹಾಕಿಸ್ಕೊಂಡು ಉಂಡ್ರು ನೋಡು,” ಎಂದರು. “ಒಂದು ದೇಶಾನೂ ಬೇಯಿಸ್ಲಿಲ್ಲ ನಾ. ಬೈಕೋತಿದ್ದೆ ಮೊದಲು. ಈಗ ಆ ಬರೀ ಗಂಜೀನ ಛಲೋ ಇತ್ತು ಅನಸ್ತದ.”

ಕಿಷ್ಟಮ್ಮ ಈ ವರ್ಷ ಸಂಕ್ರಾಂತಿಯ ಮುಂದೆ ಬಂದಳು. ಅದೇ ಮೆಟ್ಟಿಲ ಹತ್ತಿರ ನಿಂತಳು. ಬಳೆಯಿಲ್ಲದೆ ಕೈ ಬರಿದಾಗಿತ್ತು.

“ರಾಯಚೂರು ಕಡೆ, ಗೋಡಿ ಕಟ್ಟೋ ಗೌಂಡಿ ಒಬ್ಬಾತ ಹೇಳಿದ,” ಎಂದಳು. “ಬುನಾದಿ ತೆಗ್ಗಿನಾಗ ಮಣ್ಣು ಕುಸದು ಬಿತ್ತಂತ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ದನಂತ ಮೇಸ್ತ್ರಿ. ನಾನೂ ಅಲ್ಲೇ ಬುಟ್ಟಿ ಹೊತ್ತೀನಿ ಸೇಟು, ಅದ ಮಣ್ಣು. ಆ ಗೌಂಡಿ ಪೇಪರ್ ಓದ್ತಾನ. ಮೊದಲೇ ಪೇಪರ್‌ದಾಗ ಹೆಸರು ಬಂದಿದ್ರ ಆವಾಗ್ಲೇ ಬಂದು ಹೇಳ್ತಿದ್ದೆ ಅಂದ. ಆ ಸಾಮಿ ಎಲ್ಲೈದಾರ? ಈಗ ಬರೀರಿ ಅಂತ ಹೇಳಾಕ ಬಂದೀನಿ.”

ಅವರು ಇಲ್ಲವೆಂದು ಹೇಳಿದೆ. ಆಮೇಲೆ ಅವರಪ್ಪನ ಕಟ್ಟು ಹೇಳಿದೆ. ಉಪ್ಪು ಉಂಡ ಮನೆಯ ಮಾತು ಬರೆಯಬಾರದೆಂದು ಅಂದು ನೀರು ಬೇಡವೆಂದರು, ಮುಟ್ಟಬಾರದೆಂದಲ್ಲ, ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

“ನೀರಾಗ ಉಪ್ಪು ಎಲ್ಲೈತಿ ಸೇಟು?” ಎಂದಳು.

ನಾನು ಒಳಗಿಂದ ನೀರು ತರಿಸಿದೆ. ಕುಡಿದಳು. ಲೋಟ ಕೆಳಗಿಟ್ಟು, “ಹಂಗಾದ್ರ ನೀವು ಬರೀರಿ,” ಎಂದಳು.

“ನಾ ಸೀರಿ ಮಾರಾಂವ ತಾಯಿ.”

“ಸೀರಿ ಮಾರಾವ್ರಿಗೆ ಹೆಸರು ಬರಿಯಾಕ ಬರಾಂಗಿಲ್ಲೇನು?”

ಬರುತ್ತದೆ. ಬರೆದಿದ್ದೇನೆ. ಗುಂಡುಮಾಲಿನ ಕುರುಮಯ್ಯ ಧನ್ವಾಡದ ಗೋಪಾಲ್ ಮೇಸ್ತ್ರಿಯ ಗಾಡಿ ಹತ್ತಿ ಪುಣೆ ಕಡೆಗೆ ಕೆಲಸಕ್ಕೆ ಹೋದ, ಮಣ್ಣು ಕುಸಿದು ಸತ್ತ. ಗೋಪಾಲ್ ಮೇಸ್ತ್ರಿ ಹೋದ ವರ್ಷ ಮಗಳ ಮದುವೆಗೆ ನನ್ನ ಅಂಗಡಿಯಲ್ಲೇ ಜವಳಿ ತೆಗೆದವನು. ಇದನ್ನು ಓದಿದ ಮೇಲೆ ಬರಲಾರ, ಬಾರದಿರಲಿ. ಗುಂಡುಮಾಲಿಗೂ ಹೋಗಿ ಬಂದೆ. ಕಿಷ್ಟಮ್ಮ ನೀರು ಕೊಟ್ಟಳು, ಕುಡಿದು ಬಂದು ಬರೆದೆ. ನನಗೆ ಆ ಕಟ್ಟಿಲ್ಲ.

ಇನ್ನು ಬಾಕಿಯ ಮಾತು. ಆಚಾರ್ಯರು ಬರುವ ಮೊದಲು ನನ್ನ ಮೆಟ್ಟಿಲ ಮೇಲೆ ಗಿರಾಕಿಯಲ್ಲದವರು ಕೂತರೆ ನಾನು ಎಬ್ಬಿಸಿ ಕಳಿಸುತ್ತಿದ್ದೆ. ಕಂಡು ಕೇಳದವರ ಒಲೆಯ ಮಾತನ್ನು ದಿನಾ ಬೆಳಿಗ್ಗೆ ಹೇಳಿ ಹೇಳಿ, ಕೂತವರನ್ನು ಕೂರಗೊಡುವುದನ್ನು ಅವರು ನನಗೆ ಕಲಿಸಿದರು. ಆ ಸೋಮವಾರ ಕಿಷ್ಟಮ್ಮನನ್ನು ನಾನು ಎಬ್ಬಿಸಲಿಲ್ಲ. ಅದು ಅವರಿಂದ. ಅಷ್ಟಕ್ಕೆ ನಾನು ವಾದಿರಾಜಾಚಾರ್ಯರಿಗೆ ಋಣಿ.